ಮಸುಕಾಗಿರೋದು ಸಿನಿಮಾ ಅಲ್ಲ, ಕಾಪಿ

ಹಳೇ ಕನ್ನಡ ಸಿನಿಮಾ ಅಂದ್ರೆ ಮಸುಕು ಚಿತ್ರ, ಗೊರಗೊರ ಸೌಂಡು ಅಂತ ನಮ್ಮಲ್ಲಿ ಎಷ್ಟೋ ಜನ ಅಂದುಕೊಂಡಿದ್ದೇವೆ. ಆ ಮಸುಕು ನಮಗೆ ಸಿಗೋ ಕಾಪಿಯದ್ದು. 'ಬೇಡರ ಕಣ್ಣಪ್ಪ' (1954), 'ನಾಂದಿ' (1964) ಶೂಟ್ ಆಗಿದ್ದು 35 ಎಂಎಂ ಫಿಲ್ಮಲ್ಲಿ. ಒಳ್ಳೇ ನೆಗೆಟಿವ್‌ನಲ್ಲಿ 4ಕೆ ಸ್ಕ್ಯಾನ್‌ಗೆ ಸಾಕಾಗೋಷ್ಟು ವಿವರ ಇರುತ್ತೆ.

2008ರಲ್ಲಿ 'ಸತ್ಯ ಹರಿಶ್ಚಂದ್ರ'ಕ್ಕೆ ಬಣ್ಣ ಹಚ್ಚಿ ಥಿಯೇಟರಿಗೆ ತಂದರು. ಸಂತೋಷ. ಆದರೆ ಇಂಥ ಸಿನಿಮಾಗಳಿಗೆ ಬಣ್ಣಕ್ಕಿಂತ ಮೊದಲು ಬೇಕಿರೋದು ಮನೆಯಲ್ಲಿ ನೋಡೋಕೆ ಕಪ್ಪು-ಬಿಳುಪಿನದೇ ಒಂದು ಸ್ವಚ್ಛ ಕಾಪಿ, ಸಬ್‌ಟೈಟಲ್ ಸಮೇತ.

ತಡ ಮಾಡೋ ಹಾಗಿಲ್ಲ. ಅಸಿಟೇಟ್ ಫಿಲ್ಮ್ ಹಾಳಾಗೋಕೆ ಶುರುವಾದ್ರೆ ವಿನೆಗರ್ ವಾಸನೆ ಬರುತ್ತೆ, ಆಮೇಲೆ ಅದನ್ನ ಮೊದಲಿನ ಹಾಗೆ ಮಾಡೋಕಾಗಲ್ಲ. 1977ರ 'ಘಟಶ್ರಾದ್ಧ' ರಿಸ್ಟೋರ್ ಆಗಿ 2024ರಲ್ಲಿ ವೆನಿಸ್ ಚಿತ್ರೋತ್ಸವ ಮುಟ್ಟಿತು. ಮನಸ್ಸು ಮಾಡಿದ್ರೆ ಆಗುತ್ತೆ. ಇಮೇಜ್ ಪ್ರೊಸೆಸಿಂಗ್ ಓದೋ ನಾವೇ ಕೇಳದಿದ್ರೆ ಇನ್ಯಾರು ಕೇಳ್ಬೇಕು?