ಊರಿಗೆ ಇರುವುದೊಂದೇ ದಾರಿ

ಶಿವರಾತ್ರಿಗೆ ಇನ್ನೂ ಹದಿನೈದು ದಿನವಿತ್ತು. ಗೋವಿನಜೋಳದ ಕಣಿಕಿ ಹೇರಿಕೊಂಡು ಹೊಲದಿಂದ ಊರಿಗೆ ಬರುತ್ತಿದ್ದ ಟ್ರ್ಯಾಕ್ಟರ್ ಅಗಸಿ ಇನ್ನೊಂದು ಫರ್ಲಾಂಗು ಇದೆ ಎನ್ನುವಾಗ ಹೇರಿನ ತುದಿ ಮೇಲಿನ ತಂತಿಗೆ ತಾಗಿತು. ಕಿಡಿ ಬಿದ್ದದ್ದು ಹಿಂದಿನ ತುದಿಗೆ. ಚಾಲಕನಿಗೆ ಗೊತ್ತಾಗುವಷ್ಟರಲ್ಲಿ ಅರ್ಧ ಹೇರು ಉರಿಯುತ್ತಿತ್ತು. ಹುಡುಗ ಧೈರ್ಯವಂತ. ಕೆಳಗೆ ಹಾರಿ, ಪಿನ್ನು ಕಿತ್ತು, ಟ್ರೇಲರನ್ನು ಅಲ್ಲೇ ಬಿಟ್ಟು ಇಂಜಿನ್ ಉಳಿಸಿಕೊಂಡು ಹೋದ. ಉರಿಯುವ ಕಣಿಕಿ ಕಂತೆಕಂತೆಯಾಗಿ ರಸ್ತೆಯ ಎರಡೂ ಬದಿಗೆ ಉದುರಿತು. ಅಲ್ಲಿ ಮೊಣಕಾಲೆತ್ತರದ ಒಣಹುಲ್ಲು, ಅದರ ನಡುವೆ ಒಣಗಿ ನಿಂತ ಕಾಂಗ್ರೆಸ್ ಕಸ. ಮೂಡಣ ಗಾಳಿ ಬೀಸುತ್ತಿತ್ತು. ಬೆಂಕಿ ಹುಲ್ಲಿನ ಗುಂಟ ಊರಿನ ಕಡೆಗೇ ಓಡಿತು.

ಹಾನಗಲ್ಲ ಸೀಮೆಯ ಎಷ್ಟೋ ಊರುಗಳಂತೆ ನಮ್ಮೂರಲ್ಲೂ ಬಣವೆಗಳಿರುವುದು ಊರ ಬಾಯಲ್ಲೇ, ರಸ್ತೆಗೆ ಹತ್ತಿಕೊಂಡು. ಹೊಲದಿಂದ ತಂದ ಮೇವು ಇಳಿಸಲು ಅನುಕೂಲ, ಮನೆಗೂ ಹತ್ತಿರ. ಹಿರಿಯರು ಊರೊಳಗೆ ಬೆಂಕಿ ಬೇಡವೆಂದೇ ಬಣವೆಯನ್ನು ಊರಾಚೆ ಒಟ್ಟಿದರು. ಆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಊರು ಬೆಳೆದು ಬಣವೆಗಳ ತನಕ ಬಂದು ಮುಟ್ಟಿತು. ಊರಿನಿಂದ ಹೊರಗೆ ಹೋಗುವ ದಾರಿಯೇ ಊರಿನಲ್ಲಿ ಎಲ್ಲಕ್ಕಿಂತ ಬೇಗ ಹೊತ್ತಿಕೊಳ್ಳುವ ಜಾಗವಾಯಿತು. ಆ ದಿನ ಜನ ಮೊದಲು ಮಾಡಿದ ಕೆಲಸ ದನದ ಕಣ್ಣಿ ಕೊಯ್ದದ್ದು. ಬಿಟ್ಟ ದನ ಎಲ್ಲಿಗೆ ಹೋಗಬೇಕು? ಡಾಂಬರು ದಾರಿ ಅದೊಂದೇ. ಅದರ ಮೇಲೆ ಟ್ರೇಲರ್ ಉರಿಯುತ್ತಿತ್ತು. ಹೆಣ್ಣುಮಕ್ಕಳು, ಮುದುಕರು, ಕೂಸುಗಳು ಹಿತ್ತಲಿನ ಮುಳ್ಳುಬೇಲಿ ದಾಟಿ ಹೊಲಕ್ಕೆ ಇಳಿದರು.

ತಾಲ್ಲೂಕು ಊರಿನಿಂದ ಅಗ್ನಿಶಾಮಕದ ಗಾಡಿ ಹೇಳಿದ ಹೊತ್ತಿಗೇ ಬಂತು. ಆ ಸಿಬ್ಬಂದಿಯ ಬಗ್ಗೆ ನನಗೆ ಗೌರವವಿದೆ. ಆದರೆ ಕೊನೆಯ ಅರ್ಧ ಮೈಲಿಯಲ್ಲಿ ಜಾಲಿಕಂಟಿ ಎರಡೂ ಕಡೆಯಿಂದ ಡಾಂಬರಿನ ಮೇಲೆ ಬಾಗಿತ್ತು. ಎದುರಿನಿಂದ ಗಾಬರಿಯಲ್ಲಿ ಹೊರಟ ಬೈಕು, ಟಂಟಂಗಳು. ಸರಿದು ನಿಲ್ಲಲು ಯಾರಿಗೂ ಜಾಗವಿಲ್ಲ. ಗಾಡಿ ಅಲ್ಲೇ ನಿಂತಿತು. ಹುಡುಗರು ಪೈಪು ಹೊತ್ತು ಓಡಿದರು. ನನ್ನ ಪಕ್ಕ ನಿಂತಿದ್ದ ಹಿರಿಯ ಕಾಕಾ ಹೇಳಿದ್ದು ಇಷ್ಟೇ: "ತಮ್ಮಾ, ಗಾಡಿ ಬಂದೈತಿ, ದಾರಿನ ಬಂದಿಲ್ಲ."

ಮೂರು ಬಣವೆ ಸುಟ್ಟವು. ಒಂದು ಆಕಳ ಕರುವಿನ ಬೆನ್ನು ಸುಟ್ಟಿತು. ಜೀವಹಾನಿಯಾಗಲಿಲ್ಲ.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಓಡಾಡುವವರಿಗೆ ಈ ದಾರಿಗಳ ಪರಿಚಯವಿದೆ. ಪುಣೆ-ಬೆಂಗಳೂರು ಹೆದ್ದಾರಿ ಶಿಗ್ಗಾವಿಯನ್ನು ದಾಟುವಾಗ ಎಷ್ಟು ಅಗಲವೋ, ಅದರಿಂದ ಹತ್ತು ನಿಮಿಷ ಒಳಗೆ ಹೋದರೆ ದಾರಿ ಅಷ್ಟೇ ಇಕ್ಕಟ್ಟು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಹಾಕುವ ಡಾಂಬರಿನ ಸಾಮಾನ್ಯ ಅಗಲ 3.75 ಮೀಟರ್, ಅಂದರೆ ಹನ್ನೆರಡು ಅಡಿ ಚಿಲ್ಲರೆ. ಓಡಾಟ ಕಡಿಮೆ ಇರುವ ಕಡೆ 3 ಮೀಟರ್. ಅಗ್ನಿಶಾಮಕದ ದೊಡ್ಡ ಗಾಡಿಯ ಅಗಲ ಎಂಟು ಅಡಿಯಷ್ಟು. ಎದುರಿನಿಂದ ಇನ್ನೊಂದು ವಾಹನ ಬಂದರೆ ಒಂದು ಡಾಂಬರು ಇಳಿಯಲೇಬೇಕು. ಇಳಿಯಲೆಂದೇ ಇಂಜಿನಿಯರುಗಳು ಎರಡೂ ಬದಿಗೆ ಮಣ್ಣಿನ ಅಂಚು ಬಿಟ್ಟಿರುತ್ತಾರೆ. ಆ ಅಂಚೇ ಈಗ ಜಾಲಿಯ ತೋಟ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ಪಂಚಾಯ್ತಿಯಲ್ಲಿ ಇದು ಕಲಸಿಹೋಗುತ್ತದೆ. ಜಾಲಿ ಮತ್ತು ಹುಲ್ಲು ಎರಡು ಬೇರೆ ಬೇರೆ ತೊಂದರೆ. ಹಸಿರಾಗಿರುವ ಬಳ್ಳಾರಿ ಜಾಲಿ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಅದು ದಾರಿ ಮುಚ್ಚುತ್ತದೆ, ತಿರುವಿನಲ್ಲಿ ಎದುರಿನ ವಾಹನ ಕಾಣದಂತೆ ಮಾಡುತ್ತದೆ. ಹೊತ್ತಿಕೊಳ್ಳುವುದು ಹುಲ್ಲು. ಅದು ತೆಳು, ಒಳಗೆ ನೀರಿಲ್ಲ. ಬೆಳಗಿನ ಇಬ್ಬನಿಯಲ್ಲಿ ನೆನೆದ ಹುಲ್ಲು ಹನ್ನೊಂದು ಗಂಟೆಯ ಬಿಸಿಲಿಗೆ ಕಡ್ಡಿ ಗೀರಲು ತಯಾರಾಗಿರುತ್ತದೆ. ಉರಿ ಬಹಳ ಹೊತ್ತು ಇರುವುದಿಲ್ಲ, ಆದರೆ ಓಡುತ್ತದೆ. ಬಣವೆಯಿಂದ ಬಣವೆಗೆ, ಹೊಲದಿಂದ ಕಬ್ಬಿನ ಗದ್ದೆಗೆ, ಅಲ್ಲಿಂದ ಮಾವಿನ ತೋಪಿಗೆ ಅದು ಬತ್ತಿಯಂತೆ ಬೆಂಕಿ ಒಯ್ಯುತ್ತದೆ. ಉರಿಯ ಎತ್ತರ ಹುಲ್ಲಿನ ಎತ್ತರವನ್ನು ಅವಲಂಬಿಸಿದೆ. ಎದೆಮಟ್ಟದ ಹುಲ್ಲಿಗೆ ಬೆಂಕಿ ಬಿದ್ದರೆ ಯಾರೂ ಹತ್ತಿರ ಹೋಗಲಾರರು. ನಾಲ್ಕು ಬೆರಳು ಬಿಟ್ಟು ಕೊಯ್ದ ಹುಲ್ಲಿನ ಬೆಂಕಿಯನ್ನು ಹಸಿ ಬೇವಿನ ಸೊಪ್ಪಿನಿಂದ ಬಡಿದು ಆರಿಸಬಹುದು. ಕುಡಗೋಲಿನ ಒಂದು ದಿನದ ಕೆಲಸಕ್ಕೆ ಇಷ್ಟು ಬೆಲೆ ಇದೆ.

ಕಾಡಿನ ಬೆಂಕಿ ಬೇರೆ, ಬಯಲುಸೀಮೆಯ ಊರಿನ ಬೆಂಕಿ ಬೇರೆ ಎಂದು ಕೆಲವರು ಹೇಳುತ್ತಾರೆ. ಆದರೆ ಹಾನಗಲ್ಲ, ಹಿರೇಕೆರೂರಿನ ಪಡುವಣ ಅಂಚು ಮಲೆನಾಡಿಗೆ ತಾಗಿದೆ, ಆ ಕಡೆ ತೇಗದ ಎಲೆ ಮಾಘದಲ್ಲಿ ಉದುರಿ ರಸ್ತೆಯಂಚನ್ನು ಮುಚ್ಚುತ್ತದೆ. ಸವಣೂರಿನ ಮೂಡಣಕ್ಕೆ ಗದಗ ಜಿಲ್ಲೆಯ ಕಪ್ಪತಗುಡ್ಡವಿದೆ. ಅದರ ಒಣಹುಲ್ಲಿಗೆ ಬೇಸಿಗೆಯಲ್ಲಿ ಬೆಂಕಿ ಬೀಳುವುದು ನಮಗೆ ಹೊಸ ಸುದ್ದಿಯಲ್ಲ. ಅದಿರಲಿ, ಕಾಡೇ ಇಲ್ಲದ ಕಡೆಯ ಮಾತು ಹೇಳುತ್ತೇನೆ. 2019ರ ಫೆಬ್ರವರಿ 23, ಬೆಂಗಳೂರಿನ ಯಲಹಂಕ. ವೈಮಾನಿಕ ಪ್ರದರ್ಶನಕ್ಕೆ ಬಂದವರು ಬಯಲಿನಲ್ಲಿ ಸಾಲಾಗಿ ಕಾರು ನಿಲ್ಲಿಸಿದ್ದರು. ಕೆಳಗೆ ಒಣಹುಲ್ಲು. ಅದಕ್ಕೆ ಬೆಂಕಿ ಬಿತ್ತು, ಗಾಳಿ ಎತ್ತಿಕೊಂಡಿತು, ಸುಮಾರು 300 ಕಾರುಗಳು ಸುಟ್ಟು ಕರಕಲಾದವು. ವಾಯುಪಡೆಯ ನೆಲೆ, ರಾಜಧಾನಿ, ಅಗ್ನಿಶಾಮಕ ವಾಹನಗಳು ಹತ್ತಿರದಲ್ಲೇ. ಹೀಗಿದ್ದೂ ಹುಲ್ಲು ಗೆದ್ದಿತು. ಅದೇ ವಾರ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಉರಿಯುತ್ತಿತ್ತು. ಬಂಡೀಪುರದ ಸುದ್ದಿಯನ್ನು ನಾವು ಮರೆತಿಲ್ಲ. ಯಲಹಂಕದ ಹುಲ್ಲನ್ನು ಮರೆತಿದ್ದೇವೆ.

ಯಲಹಂಕವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ನಮ್ಮ ಹೋರಿ ಹಬ್ಬಕ್ಕೆ ಹೋಗುತ್ತದೆ. ದೀಪಾವಳಿ ದಾಟಿದ ಮೇಲೆ ಹಾವೇರಿ ಜಿಲ್ಲೆಯ ಊರೂರಲ್ಲಿ ಹೋರಿ ಬೆದರಿಸುವ ಸ್ಪರ್ಧೆ. ಕೊಬ್ಬರಿ ಹಾರ ಕಟ್ಟಿಕೊಂಡು, ಬಲೂನು, ಜೂಲು ಹಾಕಿಸಿಕೊಂಡು ಪೀಪಿ ಹೋರಿಗಳು ಓಡುವುದನ್ನು ನೋಡಲು ಸಾವಿರಗಟ್ಟಲೆ ಜನ. ಬೈಕು, ಟ್ರ್ಯಾಕ್ಟರ್, ಟೆಂಪೋಗಳನ್ನು ಕೊಯ್ದ ಹೊಲದ ಕೂಳೆಯ ಮೇಲೆ, ರಸ್ತೆ ಬದಿಯ ಹುಲ್ಲಿನ ಮೇಲೆ ನಿಲ್ಲಿಸುತ್ತಾರೆ. ಸೈಲೆನ್ಸರ್ ಕಾದಿರುತ್ತದೆ, ಬೀಡಿ ಸೇದುವವರಿರುತ್ತಾರೆ, ಪಟಾಕಿ ಬೇರೆ. ಹಾಗೆ ಬಂದ ಜನ ಹೊರಗೆ ಹೋಗಬೇಕಾದದ್ದು ಒಂದೇ ಹನ್ನೆರಡಡಿ ದಾರಿಯಲ್ಲಿ. ಹೋರಿ ಹಬ್ಬ ನನಗೆ ಪ್ರೀತಿಯದು. ಹೋರಿ ತಿವಿದರೆ ಏನು ಮಾಡಬೇಕೆಂದು ಕಮಿಟಿಯವರು ಆಂಬುಲೆನ್ಸ್ ಸಿದ್ಧವಿಡುತ್ತಾರೆ, ಬ್ಯಾರಿಕೇಡ್ ಕಟ್ಟುತ್ತಾರೆ. ಅದರ ಜೊತೆಗೆ ಹಿಂದಿನ ದಿನ ರಸ್ತೆಯ ಎರಡೂ ಅಂಚಿನ ಹುಲ್ಲು ಕೊಯ್ಯಿಸಬೇಕು, ವಾಹನ ನಿಲ್ಲುವ ಹೊಲದಲ್ಲಿ ಎರಡು ನೀರಿನ ಟ್ಯಾಂಕರ್ ನಿಲ್ಲಿಸಬೇಕು. ಪರವಾನಗಿ ಕೊಡುವವರು ಇದನ್ನು ಷರತ್ತಾಗಿ ಬರೆಯಲಿ.

ದಾರಿಯ ಬೆಂಕಿ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಪೋರ್ಚುಗಲ್ ದೇಶದ ಪೆಡ್ರೋಗಾವ್ ಗ್ರಾಂಡೆ ಸಾಕ್ಷಿ. 2017ರ ಜೂನ್ 17. ಹಳ್ಳಿಗಳಿಂದ ಕಾರು ಹತ್ತಿ ಪಾರಾಗಲು ಹೊರಟವರು 236-1 ಎಂಬ ಸಣ್ಣ ರಸ್ತೆಯಲ್ಲಿ ಹೊಗೆಗೆ ಸಿಕ್ಕಿಕೊಂಡರು. ಸತ್ತ 66 ಜನರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟದ್ದು ಆ ಒಂದೇ ರಸ್ತೆಯಲ್ಲಿ ಮತ್ತು ಅದರ ಅಕ್ಕಪಕ್ಕದಲ್ಲಿ. ಆ ಸೀಮೆ ತುಂಬ ಪೈನ್, ನೀಲಗಿರಿ ತೋಪುಗಳು. ರಸ್ತೆಯ ಎರಡೂ ಬದಿ ಹತ್ತು ಮೀಟರ್ ತೆರವಾಗಿಡಬೇಕೆಂಬ ಕಾನೂನು ಆ ದೇಶದಲ್ಲಿ 2006ರಿಂದಲೇ ಇತ್ತು. ಪೆಡ್ರೋಗಾವ್ ಬೆಂಕಿಯ ಮರುವರ್ಷ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಬೆಟ್ಟದೂರು ಸುಟ್ಟಾಗಲೂ ಹೊರಹೋಗುವ ಕೆಲವೇ ರಸ್ತೆಗಳು ಕಟ್ಟಿಕೊಂಡವು. ಆ ಬೆಂಕಿಗೆ 85 ಜನ ಬಲಿಯಾದರು. ನಮ್ಮಲ್ಲಿ ಅಂಥ ಬೆಂಕಿ ಬರುತ್ತದೆಂದು ನಾನು ಹೆದರಿಸುತ್ತಿಲ್ಲ. ನಮ್ಮ ಗದ್ದೆ ಬಯಲಿನ ನಡುವೆ ಅಷ್ಟು ದೊಡ್ಡ ಉರಿಗೆ ಸೌದೆಯಿಲ್ಲ. ಆದರೆ ಮನೆಯಲ್ಲಿ ಇದ್ದಿದ್ದರೆ ಬದುಕಬಹುದಾಗಿದ್ದವರು ದಾರಿಯಲ್ಲಿ ಸತ್ತರು ಎಂಬ ಮಾತು ನನ್ನನ್ನು ಬಿಟ್ಟಿಲ್ಲ. ಅಂಥದ್ದಕ್ಕೆ ಊರಗಲದ ಬೆಂಕಿಯೇ ಬೇಕಿಲ್ಲ. ಹೊಗೆ ತುಂಬಿದ ಒಂದು ಫರ್ಲಾಂಗು ಸಾಕು.

ಹಾಗಾದರೆ ಈ ಕೆಲಸ ಯಾರದು? ಲೋಕೋಪಯೋಗಿ ಇಲಾಖೆಯವರ ಬಾಯಲ್ಲಿ ಇದಕ್ಕೆ 'ಜಂಗಲ್ ಕಟಿಂಗ್' ಎಂದು ಹೆಸರು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆಗಳಲ್ಲಿ ಮಳೆಗಾಲದ ನಂತರ ಅಷ್ಟಿಷ್ಟು ನಡೆಯುತ್ತದೆ. ಅದೂ ಚಾಲಕರಿಗೆ ತಿರುವು ಕಾಣಲಿ ಎಂದು, ಬೆಂಕಿಯ ಲೆಕ್ಕದಲ್ಲಿ ಅಲ್ಲ. ಹೀಗಾಗಿ ಕಾರ್ತಿಕದಲ್ಲಿ ಕಡಿದ ಕಂಟಿ ಅಂಚಿನಲ್ಲೇ ಬಿದ್ದು ಮಾಘದ ಹೊತ್ತಿಗೆ ಒಣಸೌದೆಯಾಗಿ ಕಾಯುತ್ತಿರುತ್ತದೆ. ಕಡಿದದ್ದನ್ನು ಎತ್ತದಿದ್ದರೆ ಕಡಿಯದಿರುವುದೇ ಮೇಲು. ಇನ್ನು ಊರಿನ ಕೂಡುರಸ್ತೆಗಳು, ಹೊಲದ ದಾರಿಗಳು ಗ್ರಾಮ ಪಂಚಾಯ್ತಿಯ ಪಾಲಿಗೆ. ಉದ್ಯೋಗ ಖಾತ್ರಿಯಲ್ಲಿ ಮಾಡಿಸಿ ಎಂದು ನಾನೇ ಹಿಂದೆ ಸಭೆಯಲ್ಲಿ ಎದ್ದು ಹೇಳಿದ್ದೆ. ಆಮೇಲೆ ಓದಿ ತಿಳಿದೆ: 2005ರ ಆ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ, ಅಳತೆಗೆ ಸಿಗದ, ಮತ್ತೆಮತ್ತೆ ಮಾಡಬೇಕಾದ ಕೆಲಸಗಳನ್ನು ತೆಗೆದುಕೊಳ್ಳಕೂಡದು ಎಂದು ಬರೆದು, ಅದಕ್ಕೆ ಉದಾಹರಣೆಯಾಗಿಯೇ ಹುಲ್ಲು ತೆಗೆಯುವುದನ್ನು ಹೆಸರಿಸಿದ್ದರು. ದುಡ್ಡು ಪೋಲಾಗದಿರಲಿ ಎಂಬ ಉದ್ದೇಶ ಅರ್ಥವಾಗುತ್ತದೆ. ಆದರೆ ಹುಲ್ಲು ಪ್ರತಿ ವರ್ಷ ಬೆಳೆಯುತ್ತದೆ. ಅದನ್ನು ತೆಗೆಯುವ ಕೆಲಸವೂ ಪ್ರತಿ ವರ್ಷದ್ದೇ ಆಗಬೇಕು. ಚರಂಡಿ ಬಳಿಯಲು, ಬೀದಿದೀಪಕ್ಕೆ ಪಂಚಾಯ್ತಿ ವರ್ಷ ವರ್ಷ ಹಣ ಇಡುತ್ತದಲ್ಲ, ಹಾಗೆಯೇ ಇದಕ್ಕೂ ಒಂದು ಸಾಲು ಬೇಕು.

ಹಣ ಎಲ್ಲಿಂದ ಎಂದರೆ, ದಾರಿ ಬದಿಯ ಹುಣಸೆ ಮರಗಳನ್ನು ನೋಡಿ. ಅವುಗಳ ಫಲ ಹರಾಜಾಗುತ್ತದೆ, ಹಣ್ಣು ಬಡಿಯುವುದು ಪುಷ್ಯ-ಮಾಘದಲ್ಲಿ. ಹುಲ್ಲು ತೆಗೆಯಬೇಕಾದ ತಿಂಗಳೂ ಅದೇ. ಹರಾಜು ಹಿಡಿದವರು ತಮ್ಮ ಮರದ ಸಾಲಿನ ಬುಡದ ಹುಲ್ಲು, ಕಸ ತೆಗೆದು ಒಯ್ಯಬೇಕು ಎಂದು ಷರತ್ತು ಹಾಕಿದರೆ ಅರ್ಧ ಕೆಲಸ ಮುಗಿಯಿತು. ಹೇಗೂ ಹಣ್ಣು ಆರಿಸಲು ಅವರಿಗೆ ಬುಡ ಸ್ವಚ್ಛ ಬೇಕು. ಈಗ ಕೆಲವು ಕಡೆ ಅದಕ್ಕಾಗಿ ಬುಡಕ್ಕೇ ಬೆಂಕಿ ಹಚ್ಚುತ್ತಾರೆ, ಅದು ನನಗೆ ಸಹಿಸಲಾಗದ ಕೆಲಸ. ತೊಗಟೆ ಬೆಂದ ಮರ ಒಂದೇ ವರ್ಷದಲ್ಲಿ ಸಾಯುವುದಿಲ್ಲ. ಒಂದು ಬದಿ ಟೊಳ್ಳಾಗಿ, ಐದಾರು ಮಳೆಗಾಲ ನಿಂತು, ಒಂದು ದಿನ ದಾರಿಗೆ ಅಡ್ಡ ಬೀಳುತ್ತದೆ. ದಾರಿ ತೆರವು ಮಾಡಲೆಂದು ಹಚ್ಚಿದ ಬೆಂಕಿಯೇ ದಾರಿ ಕಟ್ಟುತ್ತದೆ.

ಮರದ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಬೇಕು. 'ಗಿಡಗಂಟಿ ತೆರವು' ಎಂದು ಠರಾವಿನಲ್ಲಿ ಬರೆದರೆ ಅದರ ಹೆಸರಿನಲ್ಲಿ ಬೇವು, ಆಲ, ಹುಣಸೆ ಟೆಂಪೋ ಹತ್ತುವುದನ್ನು ಕಂಡಿದ್ದೇವೆ. ಉತ್ತರ ಕರ್ನಾಟಕದ ಬಾಯಲ್ಲಿ ಗಿಡವೆಂದರೆ ಮರವೂ ಹೌದು! ಅದಕ್ಕಾಗಿ ಠರಾವಿನಲ್ಲಿ ಸ್ಪಷ್ಟವಾಗಿ ಬರೆಯಲಿ: ಹುಲ್ಲು, ಕಾಂಗ್ರೆಸ್ ಕಸ, ಲಂಟಾನ, ಬಳ್ಳಾರಿ ಜಾಲಿ. ಇಷ್ಟೇ. ದೊಡ್ಡ ಮರದ ಕೆಳಗೆ ನೆರಳು, ತೇವ ಇರುವಲ್ಲಿ ಹುಲ್ಲು ತಾನಾಗಿಯೇ ವಿರಳ. ಮರ ಕಡಿದ ಕಡೆ ಬಿಸಿಲು ಬಿದ್ದು ಮೊದಲು ಬರುವುದೇ ಹುಲ್ಲು ಮತ್ತು ಜಾಲಿ. 2023ರ ಮಳೆಗಾಲದಲ್ಲಿ ಸವಣೂರಿನ ದೊಡ್ಡಹುಣಸೆ ಮಠದ ಮೂರು ಹಿರಿಯ ಮರಗಳಲ್ಲಿ ಒಂದು ಉರುಳಿದಾಗ, ಸೌದೆಯೆಂದು ಕಡಿದು ಹಂಚಿಕೊಳ್ಳದೆ ಎತ್ತಿ ನಿಲ್ಲಿಸಿ ಮತ್ತೆ ನೆಟ್ಟರು. ಅಂಥ ಸೀಮೆ ನಮ್ಮದು.

ಕೊಯ್ದ ಹುಲ್ಲು ದನಕ್ಕೆ ಬಂದೀತು, ಬೀಜ ಕಟ್ಟುವ ಮೊದಲೇ ಕೊಯ್ದರೆ ಇನ್ನೂ ಒಳ್ಳೆಯದು. ಬಣವೆಗಳನ್ನು ರಸ್ತೆಯಿಂದ ಹತ್ತು ಮಾರು ಹಿಂದಕ್ಕೆ ಒಟ್ಟಬೇಕು. ಇದು ಪಂಚಾಯ್ತಿಯಿಂದ ಆಗುವ ಕೆಲಸವಲ್ಲ, ಓಣಿಯ ಹಿರಿಯರು ಕೂತು ಮಾತಾಡಬೇಕು. ಜಾಗ ಇಲ್ಲದವರಿಗೆ ಊರ ಗಾಂವಠಾಣದಲ್ಲಿ ಒಂದಿಷ್ಟು ನೆಲ ತೋರಿಸಬೇಕು.

ಹೋದ ಭಾನುವಾರ ಟೇಪು ಹಿಡಿದು ಅಗಸಿಯಿಂದ ಮುಖ್ಯರಸ್ತೆಯ ತನಕ ನಡೆದೆವು. ಡಾಂಬರು ಹನ್ನೆರಡು ಅಡಿಯೇ ಇದೆ. ಮುಳ್ಳಿನಿಂದ ಮುಳ್ಳಿಗೆ ಅಳೆದರೆ ಹಳ್ಳದ ಮೋರಿ ದಾಟಿದ ಮೇಲೆ ಹತ್ತು ಅಡಿ, ಶಾಲೆಯ ತಿರುವಿನಲ್ಲಿ ಒಂಬತ್ತು. ಮೂರು ಜಾಗಗಳನ್ನು ಗುರುತು ಹಾಕಿ ಪಂಚಾಯ್ತಿಗೆ ಅರ್ಜಿ ಬರೆದೆ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆ ಗ್ರಾಮಸಭೆ ಆಗಲೇಬೇಕು. ಮುಂದಿನದರಲ್ಲಿ ಇದನ್ನು ಓದಿಸುವುದೆಂದು ಹದಿನೇಳು ಮನೆಯವರು ಸಹಿ ಹಾಕಿದರು. ಬೆಂಕಿಯ ದಿನ ನನ್ನ ಪಕ್ಕ ನಿಂತಿದ್ದ ಕಾಕಾ ಕೊನೆಯಲ್ಲಿ ಪೆನ್ನು ತೆಗೆದುಕೊಂಡರು. ಸಹಿ ಮಾಡುವ ಮೊದಲು ಹಾಳೆಯನ್ನು ನನ್ನ ಕಡೆ ತಿರುಗಿಸಿ ಹೇಳಿದರು: "ಶಾಲಿ ತಿರುವಿನ್ಯಾಗ ಒಂದು ಹಳೇ ಬೇವಿನ ಗಿಡ ಐತಿ ನೋಡು. ಅದನ್ನ ಮುಟ್ಟಬ್ಯಾಡ್ರಿ ಅಂತ ಮೊದಲ ಬರಿ, ಆಮ್ಯಾಲ ಸಹಿ ಮಾಡ್ತೀನಿ."

ಬರೆದೆ.