ಗಮನ ಕೊಡುವುದನ್ನು ಕಲಿಸುವವರಾರು?

ಪರೀಕ್ಷೆ ಮುಗಿದ ಮನೆಯಲ್ಲಿ ಶಾಂತಿ ಇರುವುದು ಎರಡೇ ದಿನ. ಮೂರನೆಯ ದಿನ ಬೆಳಿಗ್ಗೆ ಅಪ್ಪನ ಪ್ರಶ್ನೆ ಬಂದೇ ಬರುತ್ತದೆ: 'ಸುಮ್ಮನೆ ಕಾಲ ಕಳೆಯುವ ಬದಲು ಏನಾದರೂ ಉಪಯೋಗಕ್ಕೆ ಬರುವುದನ್ನು ಓದಬಾರದೆ?' ಈ 'ಉಪಯೋಗ'ದ ಪಟ್ಟಿಯಲ್ಲಿ ಮುಂದಿನ ತರಗತಿಯ ಗಣಿತವಿರುತ್ತದೆ, ಸಿಇಟಿ ಇರುತ್ತದೆ. ಕಥೆ ಪುಸ್ತಕ, ಹಾಡು, ಸಿನಿಮಾಗಳಿಗೆ ಅಲ್ಲಿ ಜಾಗವಿಲ್ಲ.

ಇದೇ ಅಪ್ಪ ವರ್ಷವಿಡೀ ಹೇಳುವ ಇನ್ನೊಂದು ಮಾತಿದೆ: 'ಗಮನವಿಟ್ಟು ಓದು.' ಮೇಷ್ಟ್ರು ಹೇಳುವುದೂ ಅದನ್ನೇ. ಆದರೆ ಗಮನವಿಡುವುದು ಹೇಗೆ ಎಂಬುದು ಯಾವ ತರಗತಿಯ ಪಾಠದಲ್ಲೂ ಇಲ್ಲ. ಅದನ್ನು ಕಲಿಸಬಲ್ಲ ಒಂದು ಪುಸ್ತಕ, ಒಂದು ಸಂಗೀತ, ಒಂದು ಸಿನಿಮಾ ಕನ್ನಡಿಗರ ಕೈಯಳತೆಯಲ್ಲೇ ಇವೆ. ಈ ರಜೆಗೆ ಅಷ್ಟು ಸಾಕು.

ಮೊದಲನೆಯದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. 1980ರಲ್ಲಿ ಬಂದ ಈ ಕಾದಂಬರಿಯನ್ನು ಒಂದೆರಡು ದಿನಗಳಲ್ಲಿ ಓದಿ ಮುಗಿಸಬಹುದು. ಕರ್ವಾಲೊ ಒಬ್ಬ ವಿಜ್ಞಾನಿ. ಅವರು ಹುಡುಕುತ್ತಿರುವುದು ಯುಗಯುಗಗಳ ಹಿಂದಿನದೆನ್ನುವ ಒಂದು ಹಾರುವ ಓತಿ. ಆ ಹುಡುಕಾಟದಲ್ಲಿ ಅವರು ನೆಚ್ಚಿಕೊಳ್ಳುವುದು ಮಂದಣ್ಣ ಎಂಬ ಹಳ್ಳಿಯ ಹುಡುಗನನ್ನು. ಊರಿನವರ ಲೆಕ್ಕದಲ್ಲಿ ಮಂದಣ್ಣ ಯಾವ ಕೆಲಸಕ್ಕೂ ಬಾರದವನು. ಕರ್ವಾಲೊ ಕಣ್ಣಿಗೆ ಅವನು ಹುಟ್ಟಾ ಜೀವವಿಜ್ಞಾನಿ. ಏಕೆಂದರೆ ಕಾಡನ್ನು ಎಲ್ಲರೂ ಕಂಡಿದ್ದರು, ಮಂದಣ್ಣ ನೋಡಿದ್ದ.

ಓತಿಯ ಹಿಂದೆ ಅವರೆಲ್ಲ ಕಾಡು ಹೊಕ್ಕ ಮೇಲೆ ಪುಸ್ತಕ ಕೆಳಗಿಡುವುದು ಕಷ್ಟ. ಕಡೆಗೆ ಓತಿ ಕೈಗೆ ಸಿಗುವುದಿಲ್ಲ. ಆದರೂ ಓದುಗನಿಗೆ ಮೋಸವಾದೆನೆಂದು ಅನ್ನಿಸುವುದಿಲ್ಲ. ಕಾದಂಬರಿಯ ಓತಿ ಲೇಖಕರ ಕಲ್ಪನೆ ಬೆರೆತದ್ದು. ಅದರ ನಿಜವಾದ ಬಂಧು ಇಂದಿಗೂ ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಿಕೆ ತೋಟಗಳಲ್ಲಿ ಇದೆ. ಪಕ್ಕೆಲುಬುಗಳನ್ನು ಚಾಚಿ, ನಡುವಿನ ಚರ್ಮವನ್ನು ರೆಕ್ಕೆಯಂತೆ ಬಿಡಿಸಿ, ಮರದಿಂದ ಮರಕ್ಕೆ ತೇಲುತ್ತದೆ. ಮರದ ತೊಗಟೆಯ ಬಣ್ಣವೇ ಅದರ ಬಣ್ಣ. ಆದ್ದರಿಂದ ಎದುರಿಗಿದ್ದರೂ ಅವಸರದವರಿಗೆ ಕಾಣಿಸುವುದಿಲ್ಲ.

ನೋಡುವುದಕ್ಕೆ ಮಂದಣ್ಣನಾದರೆ ಕೇಳುವುದಕ್ಕೆ ಮಲ್ಲಿಕಾರ್ಜುನ ಮನಸೂರರು. 1910ರಲ್ಲಿ ಧಾರವಾಡದ ಹತ್ತಿರದ ಮನಸೂರಿನಲ್ಲಿ ಹುಟ್ಟಿದ ಅವರಿಗೆ ಶಾಲೆಯ ಓದು ಹೆಚ್ಚು ಹತ್ತಲಿಲ್ಲ. ಬಾಲ್ಯದಲ್ಲೇ ನಾಟಕ ಕಂಪನಿ ಸೇರಿದರು. ಬಳಿಕ ನೀಲಕಂಠ ಬುವಾ ಅವರ ಬಳಿ ಗ್ವಾಲಿಯರ್ ಪದ್ಧತಿಯ ಗಾಯನ ಕಲಿತರು. ಹಾಡಿನ ತಟ್ಟೆಗಳು ಬಂದವು, ಹೆಸರೂ ಬಂತು. ಬೇರೆಯವರಾಗಿದ್ದರೆ ಅಲ್ಲಿಗೆ ಕಲಿಕೆ ಮುಗಿಯಿತೆಂದುಕೊಳ್ಳುತ್ತಿದ್ದರೇನೋ. ಮನಸೂರರು 1930ರ ದಶಕದಲ್ಲಿ ಜೈಪುರ-ಅತ್ರೌಲಿ ಘರಾಣೆಯ ಮಂಜೀಖಾನರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತರು. ಆ ಗುರು ಬೇಗನೆ ತೀರಿಕೊಂಡಾಗ ಅವರ ತಮ್ಮ ಭುರ್ಜೀಖಾನರ ಬಳಿ ಪಾಠ ಮುಂದುವರಿಸಿದರು. 'ನನ್ನ ರಸಯಾತ್ರೆ' ಎಂಬ ಆತ್ಮಕಥೆಯಲ್ಲಿ ಅವರು ತಮ್ಮ ಈ ಸಂಗೀತದ ಬದುಕನ್ನು ಹೇಳಿಕೊಂಡಿದ್ದಾರೆ. 1992ರಲ್ಲಿ ಪದ್ಮವಿಭೂಷಣ ಬಂತು. ಅದೇ ವರ್ಷ ಅವರು ತೀರಿಕೊಂಡರು.

ಶಾಸ್ತ್ರೀಯ ಸಂಗೀತ ಅರ್ಥವಾಗುವುದಿಲ್ಲ ಎನ್ನುವ ಮಕ್ಕಳು ಅವರ ಶಿವಮತ ಭೈರವವನ್ನೋ ಬಹಾದುರಿ ತೋಡಿಯನ್ನೋ ಮೊಬೈಲಿನಲ್ಲಿ ಹಾಕಿ, ಮೊಬೈಲನ್ನು ದೂರ ಇಟ್ಟು, ಹತ್ತು ನಿಮಿಷ ಸುಮ್ಮನೆ ಕೂರಬೇಕು. ಮೊದಲ ದಿನ ಏನೂ ತಿಳಿಯದಿದ್ದರೆ ಚಿಂತೆಯಿಲ್ಲ. ಅದೇ ಧ್ವನಿಮುದ್ರಣವನ್ನು ಒಂದು ವಾರ ಕೇಳಿದರೆ, ಸ್ವರ ಎಲ್ಲಿ ತಿರುಗಿತು, ತಾಳದ ಮೊದಲ ಪೆಟ್ಟಿಗೆ ಹೇಗೆ ಬಂದು ಸೇರಿತು ಎಂಬುದನ್ನು ಕಿವಿಯೇ ಹುಡುಕಿಕೊಳ್ಳತೊಡಗುತ್ತದೆ. ಗಣಿತದ ಕಠಿಣ ಲೆಕ್ಕ ಬಿಡಿಸುವಾಗ ಬೇಕಾಗುವ ತಾಳ್ಮೆಯೂ ಇದೇ ಜಾತಿಯದು.

ಮೂರನೆಯದು 'ಘಟಶ್ರಾದ್ಧ'. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಗಿರೀಶ್ ಕಾಸರವಳ್ಳಿ 1977ರಲ್ಲಿ ಸಿನಿಮಾ ಮಾಡಿದರು. ಔಷಧ ವಿಜ್ಞಾನದ ಪದವಿ ಪಡೆದು, ಅದನ್ನು ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದ್ದ ತರುಣನ ಮೊದಲ ಕಥಾಚಿತ್ರಕ್ಕೇ ಸ್ವರ್ಣಕಮಲ ಸಿಕ್ಕಿತು. 2024ರಲ್ಲಿ ಅದರ ಹೊಸದಾಗಿ ಸರಿಪಡಿಸಿದ ಪ್ರತಿಯನ್ನು ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು.

ಇದು ಪ್ರೌಢಶಾಲೆ ದಾಟಿದ ಮಕ್ಕಳು ಹಿರಿಯರ ಜೊತೆ ಕೂತು ನೋಡಬೇಕಾದ ಚಿತ್ರ. ನಾಣಿ ಎಂಬ ಹುಡುಗ ವೇದಪಾಠಕ್ಕೆಂದು ಉಡುಪರ ಮನೆಗೆ ಬರುತ್ತಾನೆ. ಮನೆಯ ನೆನಪಿನಿಂದ ಅಳುವ, ದೊಡ್ಡ ಹುಡುಗರಿಂದ ಪೀಡನೆಗೊಳಗಾಗುವ ಅವನಿಗೆ ಆಸರೆಯಾಗುವವಳು ಉಡುಪರ ವಿಧವೆ ಮಗಳು ಯಮುನಕ್ಕ. ಅವಳು ಗರ್ಭಿಣಿಯೆಂದು ತಿಳಿದಾಗ ಊರು ಅವಳ ವಿರುದ್ಧ ಎದ್ದು ನಿಲ್ಲುತ್ತದೆ. ತಂದೆಯೇ ಬದುಕಿರುವ ಮಗಳ ಶ್ರಾದ್ಧ ಮಾಡಿ ಹೊರಹಾಕುತ್ತಾನೆ. ಇಷ್ಟನ್ನೂ ನಾವು ನೋಡುವುದು ನಾಣಿಯ ಕಣ್ಣಿನಿಂದ. ಹಿರಿಯರು ಅವನನ್ನು ಲೆಕ್ಕಕ್ಕೇ ಇಟ್ಟಿಲ್ಲ. ಹುಡುಗನಿಗೆ ಏನು ತಿಳಿಯುತ್ತದೆ ಎಂದುಕೊಂಡಿದ್ದಾರೆ. ಅವನಿಗೆ ಎಲ್ಲ ಕಾರಣಗಳೂ ತಿಳಿಯುವುದಿಲ್ಲ, ನಿಜ. ಆದರೆ ಅನ್ಯಾಯವಾಗುತ್ತಿದೆ ಎಂದು ತಿಳಿಯುತ್ತದೆ, ತಡೆಯಲು ತನ್ನ ಕೈಯಲ್ಲಿ ಆಗುವುದಿಲ್ಲ ಎಂದೂ ತಿಳಿಯುತ್ತದೆ.

ಚಿತ್ರ ಮುಗಿದ ಮೇಲೆ ಟಿ.ವಿ. ಆರಿಸಿ ಕೂಡಲೇ ಏಳಬಾರದು. ಮಗಳು ಏನಾದರೂ ಕೇಳಬಹುದು. ಉತ್ತರ ಸುಲಭವಿರಲಾರದು; ಆದರೆ ಆ ಮಾತನ್ನು ಮನೆಯಲ್ಲಿ ಅಪ್ಪ-ಅಮ್ಮನ ಜೊತೆ ಆಡದೆ ಇನ್ನೆಲ್ಲಿ ಆಡಬೇಕು?

ಮಕ್ಕಳು ಯಾವುದಕ್ಕೂ ಗಮನ ಕೊಡುವುದಿಲ್ಲ ಎಂಬ ದೂರು ಹಳೆಯದು. ನಾಣಿಯನ್ನು ಕಂಡ ತಂದೆತಾಯಿ ಇನ್ನೊಮ್ಮೆ ಹಾಗೆ ಹೇಳುವ ಮೊದಲು ಒಂದು ಕ್ಷಣ ತಡೆಯುತ್ತಾರೆ. ಮಕ್ಕಳ ಗಮನ ಎಲ್ಲಾದರೂ ಇದ್ದೇ ಇರುತ್ತದೆ. ಪುಸ್ತಕದ ಮೇಲೆ ಇಲ್ಲದಾಗ ಬಹಳ ಸಲ ಅದು ಹಿರಿಯರ ಮೇಲೆ ಇರುತ್ತದೆ.