ಫೋನು ಬಂದಿದೆ, ಪಾಠ ಬರಬೇಕಾಗಿದೆ

ಪ್ರತಿವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಬಳಿಕ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳಿಂದ ಮಕ್ಕಳು ಹಾಸನದ ಕಾಲೇಜುಗಳಿಗೆ ಬರುತ್ತಾರೆ. ಅವರಲ್ಲಿ ಹಲವರು ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ಗಳಿಸಿದವರು. ಆಲೂಗಡ್ಡೆ, ಹೊಗೆಸೊಪ್ಪು, ತೆಂಗು ಬೆಳೆಯುವ ತಂದೆತಾಯಿಯರು ಸಾಲ ಮಾಡಿಯಾದರೂ ಅವರನ್ನು ಪಿ.ಯು.ಸಿ. ವಿಜ್ಞಾನ ವಿಭಾಗಕ್ಕೆ ಸೇರಿಸುತ್ತಾರೆ. ಅಲ್ಲಿ ಪಠ್ಯಪುಸ್ತಕ ಇಂಗ್ಲಿಷಿನಲ್ಲಿ. ದಸರಾ ರಜೆಗೆ ಊರಿಗೆ ಬಂದ ಹುಡುಗ ಮರಳಿ ಹೋಗಲು ಒಲ್ಲೆನೆನ್ನುತ್ತಾನೆ. "ಫಾದರ್, ಇವನಿಗೆ ನೀವಾದರೂ ಬುದ್ಧಿ ಹೇಳಿ" ಎಂದು ತಾಯಿ ಅವನನ್ನು ನಮ್ಮ ಬಳಿಗೆ ಕರೆತರುತ್ತಾಳೆ. ಬುದ್ಧಿ ಕಲಿಯಬೇಕಾದವನು ಆ ಹುಡುಗನೇ ಅಥವಾ ನಾವೇ ಎಂಬ ಪ್ರಶ್ನೆ ನಮ್ಮನ್ನು ಕಾಡುತ್ತದೆ.

ಹಾಗೆಂದು ಇಂಗ್ಲಿಷ್ ಅವನಿಗೆ ಹೊಸದೇನೂ ಅಲ್ಲ. ಕರ್ನಾಟಕ ಸರ್ಕಾರ 2007-08ನೇ ಸಾಲಿನಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುತ್ತ ಬಂದಿದೆ. ಹತ್ತು ವರ್ಷ ಕಲಿತರೂ ಒಂದು ಪುಟ ಭೌತಶಾಸ್ತ್ರವನ್ನು ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಅನೇಕರಿಗೆ ಬಂದಿಲ್ಲ. ಶಿಕ್ಷಣ ಮಾಧ್ಯಮದ ವಿವಾದ ದಶಕಗಳ ಕಾಲ ನಡೆಯಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಪ್ರಾಥಮಿಕ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು ತೀರ್ಪಿತ್ತಿತು. ಆಯ್ಕೆ ತಂದೆತಾಯಿಯರದಾಯಿತು. ಆದರೆ ಹಣವಿಲ್ಲದವರ ಪಾಲಿಗೆ ಈ ಆಯ್ಕೆ ಬಹುಮಟ್ಟಿಗೆ ಹೆಸರಿಗೆ ಮಾತ್ರ.

ಕನ್ನಡವನ್ನು ತೊರೆದರೆ ಇಂಗ್ಲಿಷ್ ತಾನಾಗಿ ಬರುತ್ತದೆಂಬ ಭ್ರಮೆಯೂ ನಮ್ಮ ಕುಟುಂಬಗಳಲ್ಲಿ ಬೆಳೆದಿದೆ. ಹಾಸನದ ಲೇಖಕಿ ಬಾನು ಮುಷ್ತಾಕ್ ಅವರ ಬದುಕು ಇದಕ್ಕೆ ಉತ್ತರ. ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಯಲ್ಲಿ ಅಕ್ಷರ ಕಲಿತ ಅವರು ಕನ್ನಡದಲ್ಲಿಯೇ ಕಥೆ ಬರೆದರು. ದೀಪಾ ಭಾಸ್ತಿ ಅವುಗಳನ್ನು ಇಂಗ್ಲಿಷಿಗೆ ತಂದ ಮೇಲೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಅವರಿಬ್ಬರಿಗೂ ದೊರೆಯಿತು. ಒಂದು ಭಾಷೆ ಬೇರಾಯಿತು, ಇನ್ನೊಂದು ಬಾಗಿಲಾಯಿತು. ನಮ್ಮ ಮಕ್ಕಳಿಗೆ ಎರಡೂ ಬೇಕು.

ಈಗ ಅಂತರಜಾಲದ ಮಾತಿಗೆ ಬರೋಣ. 1995ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಅದು ಸಾರ್ವಜನಿಕರಿಗೆ ತೆರೆದಾಗ ಕೆಲವೇ ಮಹಾನಗರಗಳ ಸೊತ್ತಾಗಿತ್ತು. 2016ರ ನಂತರ ಅಗ್ಗವಾಗಿ ಹಳ್ಳಿಗಳನ್ನೂ ಸೇರಿತು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. 'ವಿದ್ಯಾಗಮ' ಯೋಜನೆಯಡಿ ಶಿಕ್ಷಕರು ಮಕ್ಕಳಿರುವ ಕಡೆಗೇ ಹೋಗಿ ಕಲಿಸಿದರು. ಮನೆಗೊಂದು ಫೋನು ಬೇಕೆಂಬ ಅನಿವಾರ್ಯ ಆಗ ಮೂಡಿತು. ಇಂದು ಫೋನು ಬಂದಿದೆ. ಪಾಠ ಬಂದಿದೆಯೇ?

ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಅಳೆಯುವ 'ಅಸರ್' ವರದಿಯ 2024ರ ಸಮೀಕ್ಷೆಯಂತೆ, ಸ್ಮಾರ್ಟ್‌ಫೋನ್ ಬಳಸಬಲ್ಲ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಹಿಂದಿನ ವಾರ ಅದನ್ನು ಓದಿಗಾಗಿ ಬಳಸಿದವರು ಶೇಕಡಾ 57, ಸಾಮಾಜಿಕ ಜಾಲತಾಣಗಳಿಗೆ ಬಳಸಿದವರು ಶೇಕಡಾ 76. ಸ್ವಂತ ಫೋನು ಹೊಂದಿದ ಹುಡುಗಿಯರು ಹುಡುಗರಿಗಿಂತ ಕಡಿಮೆ. ಮಕ್ಕಳನ್ನು ಬೈಯಲು ನಾವು ಈ ಅಂಕಿಗಳನ್ನು ಹೇಳುತ್ತಿಲ್ಲ. ದಾರಿ ತೋರುವವರಿಲ್ಲದ ಪೇಟೆಗೆ ಮಗುವನ್ನು ಒಂಟಿಯಾಗಿ ಕಳಿಸಿದವರು ನಾವೇ.

ಸಂತ ಅಗಸ್ಟೀನರು ತಮ್ಮ ಮಗನೊಡನೆ ನಡೆಸಿದ ಸಂವಾದವೊಂದರಲ್ಲಿ, ಬರಿಯ ಶಬ್ದ ಏನನ್ನೂ ಕಲಿಸಲಾರದು, ವಸ್ತುವನ್ನು ಅರಿತವನಿಗೆ ಮಾತ್ರ ಶಬ್ದದ ಅರ್ಥ ಹೊಳೆಯುತ್ತದೆ ಎಂಬ ವಿಚಾರವನ್ನು ಮಂಡಿಸುತ್ತಾರೆ. ಇದರಲ್ಲಿ ನಮಗೊಂದು ಆಶಾಕಿರಣವಿದೆ. ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸುವ ಬಗೆಯನ್ನು 'ದ್ಯುತಿಸಂಶ್ಲೇಷಣೆ' ಎಂದು ಕಲಿತ ಮಗು ವಸ್ತುವನ್ನು ಅರಿತಿದೆ. 'ಫೋಟೋಸಿಂಥೆಸಿಸ್' ಎಂಬ ಹೆಸರೊಂದೇ ಬಾಕಿ. ಅದು ದಡ್ಡ ಮಗುವಲ್ಲ, ಸೇತುವೆಯಿಲ್ಲದ ಮಗು. ಆ ಸೇತುವೆಗೆ ಬೇಕಾದ ಕಲ್ಲುಗಳು ಅಂತರಜಾಲದಲ್ಲಿಯೇ ಇವೆ. ರಾಜ್ಯದ ಪಠ್ಯಪುಸ್ತಕಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಲ್ಲಿ ಉಚಿತವಾಗಿ ದೊರೆಯುತ್ತವೆ. ಹತ್ತನೆಯ ತರಗತಿಯ ಒಂದೇ ವಿಜ್ಞಾನ ಪಾಠವನ್ನು ಎರಡೂ ಭಾಷೆಗಳಲ್ಲಿ ಅಕ್ಕಪಕ್ಕ ಇಟ್ಟು, ದಿನಕ್ಕೆ ಒಂದು ಪುಟ ಓದಿ, ಪದಗಳನ್ನು ಜೋಡಿಜೋಡಿಯಾಗಿ ಬರೆದುಕೊಂಡರೆ ಕಾಲೇಜು ಸೇರುವಷ್ಟರಲ್ಲಿ ಅರ್ಧ ಭಯ ಕಳೆದೀತು. ಜೊತೆಗೆ ಕುಳಿತು ಓದಿಸುವವರು ಮಾತ್ರ ಬೇಕು.

ಇಟಲಿಯ ಫ್ಲಾರೆನ್ಸ್ ಬಳಿಯ ಬಾರ್ಬಿಯಾನ ಎಂಬ ಬೆಟ್ಟದ ಕುಗ್ರಾಮದಲ್ಲಿ ಲೊರೆಂಜೊ ಮಿಲಾನಿ ಎಂಬ ಗುರುಗಳು 1954ರಿಂದ 1967ರಲ್ಲಿ ನಿಧನರಾಗುವವರೆಗೆ ಇದನ್ನೇ ಮಾಡಿದರು. ಶಾಲೆ ಕೈಬಿಟ್ಟ ರೈತರ ಮಕ್ಕಳಿಗೆ ಧರ್ಮಕೇಂದ್ರದ ಕೋಣೆಯಲ್ಲಿಯೇ ದಿನಪತ್ರಿಕೆ ಓದಿಸಿ, ಪರಭಾಷೆಗಳನ್ನು ಕಲಿಸಿದರು. ಭಾಷೆ ಬಲ್ಲವನೇ ಸಮಾನನಾಗಬಲ್ಲನೆಂಬುದು ಅವರ ನಂಬಿಕೆ.

ನಾವು ಆತ್ಮಪರೀಕ್ಷೆ ಮಾಡಿಕೊಳ್ಳೋಣ. ಪಟ್ಟಣಗಳಲ್ಲಿ ನಮ್ಮ ಇಂಗ್ಲಿಷ್ ಶಾಲೆಗಳಿಗೆ ಹೆಸರಿದೆ; ಅವುಗಳ ಶುಲ್ಕ ತೆರಲಾರದ ಹಳ್ಳಿಯ ಮಗು ಹೊರಗೇ ನಿಂತಿದೆ. ಭಾನುವಾರದ ಬಲಿಪೂಜೆಯ ನಂತರ ನಮ್ಮ ಸಭಾಭವನಗಳು ವಾರವಿಡೀ ಬೀಗ ಹಾಕಿಕೊಂಡಿರುತ್ತವೆ. ವಾರದಲ್ಲಿ ಮೂರು ಸಂಜೆ ಅವು ತೆರೆಯಲಿ. ಅಲ್ಲೊಂದು ಅಂತರಜಾಲ ಸಂಪರ್ಕ, ಎರಡು ಗಣಕಯಂತ್ರಗಳಿರಲಿ. ನಿವೃತ್ತ ಶಿಕ್ಷಕರೂ ಪದವಿ ಓದುತ್ತಿರುವ ಯುವಜನರೂ ತಲಾ ಒಂದು ಗಂಟೆ ಕೊಡಲಿ. ಕತ್ತಲಾಗುವ ಮೊದಲೇ ಮನೆ ಸೇರುವಂತೆ ಹುಡುಗಿಯರ ಸಮಯ ನಿಗದಿಯಾಗಲಿ. ಜಾತಿಮತ ಕೇಳದೆ ಊರಿನ ಎಲ್ಲ ಮಕ್ಕಳೂ ಬರಲಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವಿರುವಲ್ಲಿ ಅದರೊಡನೆ ಕೈಜೋಡಿಸೋಣ.

ತಂದೆತಾಯಿಯರಲ್ಲಿ ನಮ್ಮದೊಂದು ವಿನಂತಿ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ಮಗು ಓದುವಾಗ ಅರ್ಧ ಗಂಟೆ ಪಕ್ಕದಲ್ಲಿ ಕುಳಿತು, "ಇದಕ್ಕೆ ಕನ್ನಡದಲ್ಲಿ ಏನಂತಾರೆ, ಹೇಳು ನೋಡೋಣ" ಎಂದು ಕೇಳಿ. ಉತ್ತರಿಸುತ್ತ ಮಗು ಎರಡೂ ಭಾಷೆಗಳನ್ನು ಕಲಿಯುತ್ತದೆ.

ಪವಿತ್ರಾತ್ಮರ ಆಗಮನದ ದಿನ ಜೆರುಸಲೇಮಿನಲ್ಲಿ ನೆರೆದವರೆಲ್ಲರೂ ಒಂದೇ ಭಾಷೆಯವರಾಗಲಿಲ್ಲ. ಒಬ್ಬೊಬ್ಬರೂ ತಂತಮ್ಮ ನುಡಿಯಲ್ಲಿಯೇ ಕೇಳಿ ಅರಿತರು. ಮುಂದಿನ ದಸರಾ ರಜೆಗೆ ಊರಿಗೆ ಬರುವ ಹುಡುಗ ರಜೆ ಮುಗಿದೊಡನೆ ಪುಸ್ತಕದ ಚೀಲ ಹೊತ್ತು ಹಾಸನದ ಬಸ್ಸು ಹತ್ತಬೇಕು. ಅದಕ್ಕಾಗಿ ಸಭಾಭವನದ ಬೀಗವನ್ನು ಈ ವಾರವೇ ತೆಗೆಯೋಣ.